ತುಮಕೂರಿನ ಬಾಡಿಗೆ ಪುಸ್ತಕದಂಗಡಿ ಮತ್ತು ಅದರ ಲೇಖಕಿಯರ ಗೋಡೆ

ತುಮಕೂರಿನ ಟೌನ್‌ಹಾಲ್ ವೃತ್ತದಿಂದ ಸ್ವಲ್ಪ ದೂರ ನಡೆದರೆ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಈ ಮಳಿಗೆ ಸಿಗುತ್ತದೆ. ಅರ್ಧ ಪುಸ್ತಕದಂಗಡಿ, ಅರ್ಧ ಬಾಡಿಗೆ ಗ್ರಂಥಾಲಯ. ಹೊಸ ಪುಸ್ತಕಗಳನ್ನು ಮಾರುತ್ತಾರೆ, ಹಳೆಯವನ್ನು ಕೊಳ್ಳುತ್ತಾರೆ, ಮತ್ತು ಇಂದು ಬಹುತೇಕ ಊರುಗಳಲ್ಲಿ ಮರೆಯಾಗಿರುವ ಸರ್ಕ್ಯುಲೇಟಿಂಗ್ ಲೈಬ್ರರಿಯ ಪದ್ಧತಿಯಲ್ಲಿ ವಾರದ ಲೆಕ್ಕಕ್ಕೆ ಕಾದಂಬರಿಗಳನ್ನು ಓದಲು ಕೊಡುತ್ತಾರೆ. ಕುಂದುಗಳನ್ನೂ ಹೇಳಬೇಕಾಗಿರುವುದರಿಂದ ಮಳಿಗೆಯ ಹೆಸರನ್ನು ಬರೆಯುತ್ತಿಲ್ಲ. ಆ ಭಾಗದಲ್ಲಿ ಕಾದಂಬರಿ ಬಾಡಿಗೆಗೆ ಕೊಡುವವರು ಯಾರೆಂದು ವಿಚಾರಿಸಿದರೆ ಯಾರಾದರೂ ಮೆಟ್ಟಿಲು ತೋರಿಸುತ್ತಾರೆ. ನಾನು ವಿಮರ್ಶೆ ಮಾಡಹೊರಟಿರುವುದು ಮುಖ್ಯವಾಗಿ ಅಲ್ಲಿನ ಬಲಗೋಡೆಯನ್ನು. ನೆಲದಿಂದ ಚಾವಣಿಯವರೆಗೆ ಲೇಖಕಿಯರ ಪುಸ್ತಕಗಳನ್ನೇ ಜೋಡಿಸಿರುವ ಇಂಥ ಗೋಡೆಯನ್ನು ನಾನು ಬೆಂಗಳೂರಿನ ದೊಡ್ಡ ಮಳಿಗೆಗಳಲ್ಲಿಯೂ ಕಂಡಿಲ್ಲ.

ಕನ್ನಡ ಅಧ್ಯಾಪಕಿಯಾಗಿ ನನಗೆ ಈ ಗೋಡೆ ಬೇಕಾಗುವುದಕ್ಕೆ ಕಾರಣವಿದೆ. ನಮ್ಮ ಇಂದಿನ ಕಥೆ ಕಾದಂಬರಿಗಳ ಗದ್ಯವನ್ನು ನಾವು ಸಹಜವೆಂದು ಭಾವಿಸಿ ಓದುತ್ತೇವೆ. ಮನೆಯೊಳಗಿನ ಮಾತು ಮಾತಿನಂತೆಯೇ ಪುಟದ ಮೇಲೆ ಬರುವುದು, ಪಾತ್ರವು ಬಾಯಿಬಿಟ್ಟು ಹೇಳದ್ದನ್ನು ನಿರೂಪಣೆಯೇ ಸದ್ದಿಲ್ಲದೆ ತಿಳಿಸುವುದು, ಎದುರಿಗೆ ಕುಳಿತವರೊಡನೆ ಸುದ್ದಿ ಹೇಳುತ್ತಿರುವಂತೆ ಕಥೆ ಸಾಗುವುದು ಇವೆಲ್ಲ ತಾವಾಗಿ ಬಂದ ಗುಣಗಳೇನಲ್ಲ. ಇವನ್ನು ಒಂದೊಂದಾಗಿ ಪಳಗಿಸಿ ಕೊಟ್ಟವರಲ್ಲಿ ಹೆಂಗಸರ ಪಾಲು ನಮ್ಮ ಸಾಹಿತ್ಯ ಚರಿತ್ರೆಗಳು ಒಪ್ಪಿಕೊಂಡಿರುವುದಕ್ಕಿಂತ ಬಹಳ ದೊಡ್ಡದು. ಲೇಖಕಿಯರ ವಿಷಯ ಬಂದಾಗ ಚರಿತ್ರೆಕಾರರು ಅವರು ಏನನ್ನು ಬರೆದರು ಎಂಬುದನ್ನು ಹೇಳಿ ಮುಂದೆ ಹೋಗುತ್ತಾರೆ. ಹೇಗೆ ಬರೆದರು ಎಂಬುದು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟಾಗ ಮಾತ್ರ ಕಾಣುತ್ತದೆ. ಆ ಅನುಕೂಲ ಇಲ್ಲಿದೆ.

ಮೊದಲು ನಿಯಮಗಳು. 500 ರೂಪಾಯಿ ಠೇವಣಿ ಇಟ್ಟರೆ ಒಮ್ಮೆಗೆ ಎರಡು ಪುಸ್ತಕಗಳನ್ನು ಒಯ್ಯಬಹುದು. ಬಾಡಿಗೆ ಪುಸ್ತಕದ ಬೆಲೆಯ ಶೇಕಡಾ 10, ಅವಧಿ ಒಂದು ವಾರ, ವಾರ ದಾಟಿದರೆ ಮತ್ತೆ ಅಷ್ಟೇ ಬಾಡಿಗೆ. ಹಳೆಯ ಪ್ರತಿಗಳಿಗೂ ಇಂದಿನ ಮರುಮುದ್ರಣದ ಬೆಲೆಯನ್ನೇ ಆಧಾರವಾಗಿ ಹಿಡಿಯುತ್ತಾರೆ ಎಂಬುದು ನನ್ನ ಮೊದಲ ಆಕ್ಷೇಪ. ಹೊಲಿಗೆ ಬಿಟ್ಟ, ಅಂಚು ಹುಡಿಯಾಗುತ್ತಿರುವ, ಒಳಪುಟದಲ್ಲಿ ನಾಲ್ಕು ರೂಪಾಯಿ ಎಂದು ಅಚ್ಚಾಗಿರುವ ಪ್ರತಿಗೆ 200 ರೂಪಾಯಿಯ ಲೆಕ್ಕದಲ್ಲಿ ಬಾಡಿಗೆ ತೆರುವುದು ಅಷ್ಟು ಹಿತವಾಗುವುದಿಲ್ಲ. ಆದರೂ ಇಪ್ಪತ್ತು ರೂಪಾಯಿಗೆ ಒಂದು ಕಾದಂಬರಿ ಏಳು ದಿನ ಮನೆಯಲ್ಲಿರುತ್ತದೆ ಎಂಬುದನ್ನು ನೆನೆದರೆ ಜಗಳವಾಡಲು ಮನಸ್ಸು ಬರುವುದಿಲ್ಲ. ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಗುಬ್ಬಿ, ಕೊರಟಗೆರೆ ಕಡೆಯಿಂದಲೂ ಪುಸ್ತಕ ಬದಲಾಯಿಸಲು ಬರುತ್ತಾರೆಂದು ಅಂಗಡಿಯ ಒಡತಿ ಹೇಳುತ್ತಾರೆ. ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಅವರಿಗಿಂತ ಹಿರಿಯರೂ ಹಾಗೆಯೇ ಕರೆಯುವುದನ್ನು ಕೇಳಿದ್ದೇನೆ.

ಗೋಡೆಯ ಜೋಡಣೆಯನ್ನು ಕಾಲಕ್ರಮದ ಮೇಲಾಗಲಿ ಅಕಾರಾದಿಯ ಮೇಲಾಗಲಿ ಮಾಡಿಲ್ಲ. ಕೈಗೆಟುಕುವ ಎತ್ತರದಲ್ಲಿ ಹೆಚ್ಚು ಓಡುವ ಪುಸ್ತಕಗಳು, ಅದರ ಮೇಲೆ ಕಡಿಮೆ ಓಡುವವು, ತೀರ ಮೇಲೆ ಯಾರೂ ಕೇಳದವು. ಹೀಗಾಗಿ 12ನೆಯ ಶತಮಾನದ ಅಕ್ಕಮಹಾದೇವಿ, ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಂಚಿಯ ಹೊನ್ನಮ್ಮ, ಹರಿದಾಸ ಪರಂಪರೆಯ ಹೆಳವನಕಟ್ಟೆ ಗಿರಿಯಮ್ಮ ಮೂವರೂ ಚಾವಣಿಯ ಬಳಿ ಇದ್ದಾರೆ. ಸ್ಟೂಲು ಹತ್ತಿ ಇಳಿಸಿಕೊಳ್ಳಬೇಕು. ಇಳಿಸಿಕೊಂಡರೆ ಸಾರ್ಥಕವಾಗುತ್ತದೆ, ಏಕೆಂದರೆ ಕೆಳಗಿನ ಸಾಲುಗಳಲ್ಲಿ ಮುಂದೆ ಕಾಣುವ ಹಲವು ಗುಣಗಳ ಬೇರು ಅಲ್ಲಿದೆ. ಅಕ್ಕನ ವಚನಗಳಲ್ಲಿ ಎಷ್ಟೋ ಕಡೆ ಮಾತು ಶುರುವಾಗುವುದೇ ಪಕ್ಕದಲ್ಲಿರುವ ಕೆಳದಿಯನ್ನೋ ತಾಯಿಯನ್ನೋ ಕರೆಯುವ ಮೂಲಕ. ತಾನು ಕಂಡ ಕನಸನ್ನು ಗೆಳತಿಗೆ ಹೇಳುವ ಆ ಪ್ರಸಿದ್ಧ ವಚನದಲ್ಲಿ ದೇವರು ಬರುವ ಮುನ್ನ ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಬರುತ್ತವೆ. ಅಡಕೆ, ತೆಂಗಿನ ಜಿಲ್ಲೆಯವರಾದ ನನ್ನ ವಿದ್ಯಾರ್ಥಿಗಳಿಗೆ ಈ ವಚನವನ್ನು ವಿವರಿಸುವ ಕಷ್ಟವೇ ಇಲ್ಲ. ಮದುವೆ ಮನೆಯ ತಟ್ಟೆ ಅವರ ಕಣ್ಣಮುಂದೆ ತಾನಾಗಿ ಬರುತ್ತದೆ. ಅನುಭಾವದಷ್ಟು ದೊಡ್ಡ ಸಂಗತಿಯನ್ನು ಗೆಳತಿಯೊಡನೆ ಆಡುವ ಮಾತಿನ ಧಾಟಿಯಲ್ಲಿ, ಮನೆಯ ವಸ್ತುಗಳನ್ನು ಹೆಸರಿಸುತ್ತ ಹೇಳಬಹುದು ಎಂಬ ಧೈರ್ಯ ಅಲ್ಲಿ ಕಾಣುತ್ತದೆ. ಅರಮನೆಯಲ್ಲಿ ಅಡಕೆಲೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ತನ್ನ 'ಹದಿಬದೆಯ ಧರ್ಮ'ವನ್ನು ಹಾಡಲು ಬರುವ ಸಾಂಗತ್ಯ ಛಂದಸ್ಸಿನಲ್ಲಿ ಬರೆದಳು. ಗ್ರಂಥದ ಉಪದೇಶ ಪತಿವ್ರತೆಗೆ ಸಂಬಂಧಿಸಿದ್ದು, ಇಂದು ಅದನ್ನು ಹಾಗೆಯೇ ಒಪ್ಪುವುದು ಸಾಧ್ಯವಿಲ್ಲ. ಆದರೆ ಅದೇ ಕಾವ್ಯದ ನಡುವೆ, ಹೆಣ್ಣೆಂದು ಹೀಗಳೆಯುವವರನ್ನು ಹೆತ್ತವಳು ಯಾರು, ಸಾಕಿದವಳು ಯಾರು ಎಂದು ಕೇಳುವ ಪದ್ಯ ಬಂದಾಗ ದನಿ ಒಮ್ಮೆಗೇ ಬೇರೆಯಾಗುತ್ತದೆ. ಒಪ್ಪಿದ ಚೌಕಟ್ಟಿನೊಳಗೆ ನಿಂತು ಒಪ್ಪದ ಪ್ರಶ್ನೆಯನ್ನು ಕೇಳುವ ಈ ಜಾಣತನ ಮುಂದೆ ಮೂರು ಶತಮಾನ ನಮ್ಮ ಲೇಖಕಿಯರ ಕೈಬಿಡಲಿಲ್ಲ.

ಗೋಡೆಯ ದೊಡ್ಡ ಕೊರತೆ ಇದರ ಕೆಳಗೇ ಇದೆ. ನಂಜನಗೂಡು ತಿರುಮಲಾಂಬ (1887–1982) ಅವರ ಒಂದು ಪುಸ್ತಕವೂ ಇಲ್ಲಿಲ್ಲ. ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ ಎಂದು ಪಠ್ಯಗಳಲ್ಲಿ ಒಂದು ಸಾಲಿನಲ್ಲಿ ಬಂದುಹೋಗುವ ಈ ಬಾಲವಿಧವೆ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಕಟ್ಟಿ, ತಾನೇ ಪ್ರಕಾಶಕಿಯಾಗಿ, 'ಕರ್ನಾಟಕ ನಂದಿನಿ', 'ಸನ್ಮಾರ್ಗದರ್ಶಿ' ಪತ್ರಿಕೆಗಳ ಸಂಪಾದಕಿಯೂ ಆಗಿ ದುಡಿದವರು. ಹೆಂಗಸರಿಗೆ ಬರೆಯುವ ಕೈಯಷ್ಟೇ ಸಾಲದು, ಅಚ್ಚು ಹಾಕುವ ಮತ್ತು ಹಂಚುವ ದಾರಿಯೂ ತಮ್ಮ ಕೈಯಲ್ಲಿರಬೇಕು ಎಂಬುದನ್ನು ಅಷ್ಟು ಬೇಗ ಕಂಡುಕೊಂಡವರ ಪುಸ್ತಕ, ಹೆಂಗಸೊಬ್ಬಳು ನಡೆಸುವ ಅಂಗಡಿಯಲ್ಲಿ ಇಲ್ಲದಿರುವುದು ಸರಿಯಲ್ಲ. ಸಿಗುವುದಿಲ್ಲ ಎಂಬುದು ಒಡತಿಯ ಉತ್ತರ. ನಿಜವಿರಬಹುದು, ಹುಡುಕಿಸಿಲ್ಲ ಎಂಬುದೂ ನಿಜ.

ಕೊಡಗಿನ ಗೌರಮ್ಮನವರ 'ಕಂಬನಿ' ಇದೆ, ಒಳ್ಳೆಯ ಸ್ಥಿತಿಯಲ್ಲಿದೆ. 27ನೆಯ ವಯಸ್ಸಿನಲ್ಲಿ, 1939ರಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡ ಈ ಕಥೆಗಾರ್ತಿಯ ಕಥೆಗಳನ್ನು ಮೊದಲ ಸಲ ಓದುವವರಿಗೆ ಅಚ್ಚರಿಯಾಗುವುದು ಅವುಗಳ ಮಿತವಾದ ಮಾತು. ಪತ್ರದ ರೂಪವನ್ನು ಅವರು ಬಳಸುವ ರೀತಿ ನೋಡಿ: ಪತ್ರ ಬರೆಯುತ್ತಿರುವವಳು ಒಂದಿಷ್ಟನ್ನು ಮುಚ್ಚಿಡುತ್ತಾಳೆ, ಮುಚ್ಚಿಟ್ಟಿದ್ದಾಳೆಂಬುದು ಓದುಗರಿಗೆ ತಿಳಿಯುತ್ತದೆ, ಪತ್ರ ತಲುಪಬೇಕಾದವರಿಗೆ ಮಾತ್ರ ತಿಳಿಯುವುದಿಲ್ಲ. ವಿಧವೆಯ ಬದುಕಿನಂಥ ವಿಷಯಕ್ಕೆ ಕಣ್ಣೀರಿನ ಭಾಷಣವೇ ರೂಢಿಯಾಗಿದ್ದ ಕಾಲದಲ್ಲಿ ಹೀಗೆ ಬರೆಯುವುದಕ್ಕೆ ಬೇಕಾದ ಹಿಡಿತ ಸಣ್ಣದಲ್ಲ.

ಅತಿ ಹೆಚ್ಚು ಕೈ ಬದಲಾಯಿಸಿರುವ ಪುಸ್ತಕಗಳು ತ್ರಿವೇಣಿಯವರವು. 'ಶರಪಂಜರ'ದ ಒಂದು ಹಳೆಯ ಪ್ರತಿಯನ್ನು ನಾನು ಕೌಂಟರಿನ ಬೆಳಕಿನಲ್ಲಿ ತುಂಬ ಹೊತ್ತು ನೋಡಿದೆ. ಮೊದಲ ಪುಟಕ್ಕೆ ಅಂಟಿಸಿದ ಚೀಟಿಯ ಮೇಲೆ ನೇರಳೆ ಶಾಯಿಯ ತಾರೀಖಿನ ಮುದ್ರೆಗಳು ಒಂದರ ಮೇಲೊಂದು ಬಿದ್ದು, ಚೀಟಿ ತುಂಬಿದಾಗ ಅದರ ಮೇಲೆಯೇ ಇನ್ನೊಂದು ಚೀಟಿ ಅಂಟಿಸಿ, ಈಗ ಆ ಪುಟ ರಟ್ಟಿನಷ್ಟು ದಪ್ಪವಾಗಿದೆ. 17ನೆಯ ಪುಟದ ಅಡಿಯಲ್ಲಿ ಪೆನ್ಸಿಲ್ಲಿನ ಸಣ್ಣ ಸಣ್ಣ ಗುರುತುಗಳಿವೆ: ಒಂದು ಹೂವು, ವೃತ್ತದೊಳಗೆ 'ಸ', ಮೂರು ಚುಕ್ಕಿ, ಒಂದು ಬಾಣ. ಬಾಡಿಗೆ ಗ್ರಂಥಾಲಯದ ಓದುಗರಿಗೆ ಇದರ ಅರ್ಥ ಗೊತ್ತು. ತಾನು ಈ ಪುಸ್ತಕವನ್ನು ಓದಿದ್ದೇನೆ ಎಂದು ನೆನಪಿಟ್ಟುಕೊಳ್ಳಲು ಒಬ್ಬೊಬ್ಬರೂ ಒಂದು ಪುಟವನ್ನು ಗೊತ್ತುಮಾಡಿಕೊಂಡು ಅಲ್ಲಿ ತಮ್ಮದೊಂದು ಗುರುತು ಹಾಕುತ್ತಿದ್ದರು. ಮುಂದೆ ಮರೆತು ಅದೇ ಪುಸ್ತಕವನ್ನು ಕೈಗೆತ್ತಿಕೊಂಡರೆ ಆ ಪುಟವನ್ನು ತಿರುಗಿಸಿ ನೋಡಿ ಇಟ್ಟುಬಿಡುವುದು. ಈ ಪ್ರತಿಯಲ್ಲಿ ಹೂವಿನ ಗುರುತು ಎರಡು ಸಲ ಇದೆ, ಎರಡನೆಯದು ಶಾಯಿಯಲ್ಲಿ. ಓದಿದ್ದೇನೆಂದು ಗೊತ್ತಾದ ಮೇಲೂ ಆಕೆ ಒಯ್ದಿದ್ದಾಳೆ. ವಿಮರ್ಶಕರು ತೂಗಿ ನೋಡದ ಲೇಖಕಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಬೇಕೆ?

ತ್ರಿವೇಣಿ (1928–1963) ಬದುಕಿದ್ದು ಮೂವತ್ತನಾಲ್ಕು ವರ್ಷ, ಬರೆದದ್ದು ಸುಮಾರು 20 ಕಾದಂಬರಿ. ಮನಶ್ಶಾಸ್ತ್ರ ಓದಿದವರು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಅದರಿಂದ ಅವರ ವಾಕ್ಯಕ್ಕೆ ಏನಾಯಿತು ಎಂಬುದನ್ನು ಹೇಳುವವರು ಕಡಿಮೆ. 'ಶರಪಂಜರ'ದಲ್ಲಿ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮನೆಯವರು, ನೆರೆಯವರು, ಕೆಲಸದವರು ನೋಡುವ ನೋಟವನ್ನು ಗಮನಿಸಿ. ಹೊರಗಿನಿಂದ ಕಂಡದ್ದನ್ನು ಹೇಳುತ್ತಿದ್ದ ನಿರೂಪಣೆ ಎಲ್ಲಿ ನಿಂತಿತು, ಕಾವೇರಿಯ ಮನಸ್ಸಿನೊಳಗಿನ ಮಾತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋದರೆ ತಡವರಿಸಬೇಕಾಗುತ್ತದೆ. ಅವಳು ಅಂದುಕೊಂಡಳು, ಅವಳಿಗೆ ಅನ್ನಿಸಿತು ಎಂಬ ಊರುಗೋಲು ಇಲ್ಲದೆ ಅನುಮಾನ ನೇರವಾಗಿ ನಮ್ಮೊಳಗೆ ಇಳಿಯುತ್ತದೆ. ಅವಳಿಗೆ ಬರೀ ಹಾಗೆ ಕಂಡಿತೋ, ನಿಜವಾಗಿ ಹಾಗೆಯೇ ಇದೆಯೋ ಎಂಬ ಗೊಂದಲ ಓದುವವರದೂ ಆಗುತ್ತದೆ. ವಾಕ್ಯಗಳು ಚಿಕ್ಕವು, ಪದಗಳು ಎಲ್ಲರಿಗೂ ಗೊತ್ತಿರುವವು. ಇಷ್ಟು ಸರಳವಾದ ಸಾಮಗ್ರಿಯಿಂದ ಇಷ್ಟು ಸಂಕೀರ್ಣವಾದ ಕೆಲಸ ತೆಗೆದದ್ದು ಕನ್ನಡದ ಜನಪ್ರಿಯ ಗದ್ಯಕ್ಕೆ ದೊಡ್ಡ ಪಾಠವಾಯಿತು. ಆಮೇಲಿನ ವಾರಪತ್ರಿಕೆಗಳ ಧಾರಾವಾಹಿ ಲೇಖಕಿಯರು, ಲೇಖಕರು, ಚಲನಚಿತ್ರಗಳ ಸಂಭಾಷಣೆಕಾರರು ಎಲ್ಲರೂ ಈ ಸಾಲ ಮಾಡಿದ್ದಾರೆ, ಕೆಲವರಷ್ಟೇ ಒಪ್ಪಿಕೊಂಡಿದ್ದಾರೆ. ಪುಟ್ಟಣ್ಣ ಕಣಗಾಲ್ ಈ ಕಾದಂಬರಿಯನ್ನೂ 'ಬೆಳ್ಳಿಮೋಡ'ವನ್ನೂ ಚಿತ್ರ ಮಾಡಿದ್ದರಿಂದ ತ್ರಿವೇಣಿಯವರ ಹೆಸರು ಪುಸ್ತಕ ಓದದ ಮನೆಗಳಿಗೂ ಹೋಯಿತು.

ಪಕ್ಕದಲ್ಲೇ ಎಂ.ಕೆ. ಇಂದಿರಾ (1917–1994). ನಡುವಯಸ್ಸಿನಲ್ಲಿ ಕಾದಂಬರಿ ಬರೆಯಲು ತೊಡಗಿದವರು. 1976ರ 'ಫಣಿಯಮ್ಮ'ದ ಶೈಲಿಗೂ ತ್ರಿವೇಣಿಯವರ ಶೈಲಿಗೂ ಹೋಲಿಕೆಯೇ ಇಲ್ಲ. ಇಲ್ಲಿ ಮನಸ್ಸಿನೊಳಗೆ ಇಣುಕುವ ಆತುರವಿಲ್ಲ. ಮನೆಯ ಹಿರಿಯಳೊಬ್ಬಳ ಬದುಕನ್ನು ಕೇಳಿದವರು ಕೇಳಿದಂತೆ ಹೇಳುವ ನಿಧಾನವಿದೆ. ಬಾಲ್ಯದಲ್ಲೇ ವಿಧವೆಯಾಗಿ ನೂರು ದಾಟಿ ಬದುಕಿದ ಫಣಿಯಮ್ಮ ಶಾಸ್ತ್ರದ ವಿರುದ್ಧ ಒಂದು ಭಾಷಣವನ್ನೂ ಮಾಡುವುದಿಲ್ಲ. ರಾತ್ರಿ ಹೋಗಿ ಮುಟ್ಟಬಾರದವಳೆಂದು ಊರು ದೂರವಿಟ್ಟ ಹೆಂಗಸಿನ ಹೆರಿಗೆ ಮಾಡಿಸುತ್ತಾಳೆ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾಳೆ, ಮತ್ತೆ ತನ್ನ ಕೆಲಸಕ್ಕೆ ಹೋಗುತ್ತಾಳೆ. ಲೇಖಕಿಯೂ ಅಲ್ಲಿ ನಿಂತು ವ್ಯಾಖ್ಯಾನ ಮಾಡುವುದಿಲ್ಲ. ಪ್ರೇಮಾ ಕಾರಂತರು ಇದನ್ನು 1983ರಲ್ಲಿ ಚಿತ್ರ ಮಾಡಿದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ತೇಜಸ್ವಿನಿಯವರ ತಾಯಿ ಅನುಪಮಾ ನಿರಂಜನ (1934–1991) ಎಂಬುದನ್ನು ನೆನೆದರೆ, ಒಬ್ಬ ಲೇಖಕಿಯ ಪುಸ್ತಕವನ್ನು ಇನ್ನೊಬ್ಬ ಲೇಖಕಿಯ ಮಗಳು ಹೊರಜಗತ್ತಿಗೆ ದಾಟಿಸಿದ ಈ ನಂಟು ಕನ್ನಡದಲ್ಲಿ ಇನ್ನೂ ಸರಿಯಾಗಿ ಚರ್ಚೆಯಾಗಿಲ್ಲ.

ಅನುಪಮಾ ಅವರ ಪುಸ್ತಕಗಳನ್ನು ಹುಡುಕುವಾಗಲೇ ಗೋಡೆಯ ತಲೆಬರಹದ ಸಮಸ್ಯೆ ಎದುರಾಗುತ್ತದೆ. ಈ ಇಡೀ ಗೋಡೆಗೆ ಅಂಟಿಸಿರುವ ಫಲಕ 'ಮಹಿಳೆಯರಿಗಾಗಿ' ಎಂದಿದೆ. ಕಾದಂಬರಿಗಳು ಮುಗಿಯುವಲ್ಲಿ ಅಂತರವೇ ಇಲ್ಲದೆ ರಂಗೋಲಿ, ಉಪ್ಪಿನಕಾಯಿ, ಹೊಲಿಗೆ, ಮಕ್ಕಳಿಗೆ ಇಡುವ ಹೆಸರುಗಳ ಪುಸ್ತಕಗಳು ಶುರುವಾಗುತ್ತವೆ. ವೈದ್ಯೆಯಾಗಿದ್ದ ಅನುಪಮಾ ಅವರ 'ತಾಯಿ ಮಗು' ಅಲ್ಲಿರುವುದು ಸರಿಯೇ, ಆದರೆ ಮಹಾಭಾರತದ ಕಥೆಯನ್ನು ಹೆಣ್ಣಿನ ಕಡೆಯಿಂದ ಬಗೆದು ನೋಡಿದ 'ಮಾಧವಿ'ಯೂ ಬಾಣಂತಿ ಆರೈಕೆಯ ಪುಸ್ತಕಗಳ ನಡುವೆ ಸೇರಿಕೊಂಡಿದೆ. ಲೇಖಕಿಯರ ಬರವಣಿಗೆಯನ್ನು ಅಡುಗೆಮನೆ ಸಾಹಿತ್ಯ ಎಂದು ಹೀಗಳೆದ ಕಾಲವೊಂದಿತ್ತು; ಈ ಜೋಡಣೆ ತಿಳಿಯದೆ ಅದನ್ನೇ ಮುಂದುವರಿಸುತ್ತಿದೆಯೆಂದು ಒಡತಿಗೆ ಹೇಳಿದೆ.

"ಇಲ್ಲಿಟ್ರೇನೇ ಹೋಗೋದು ಮೇಡಂ. ಆ ಕಡೆ ಗೋಡೆಗೆ, ದೊಡ್ಡ ದೊಡ್ಡವ್ರ ಪಕ್ಕಕ್ಕೆ ಇಟ್ಟು ನೋಡಿದ್ದೀನಿ, ಆರು ತಿಂಗಳು ಯಾರೂ ಮುಟ್ಟಲಿಲ್ಲ. ಉಪ್ಪಿನಕಾಯಿ ಬುಕ್ ಕೇಳ್ಕೊಂಡು ಬಂದೋರು ತಿರುಗಿ ಹೋಗುವಾಗ ವೈದೇಹಿ ಹಿಡ್ಕೊಂಡು ಹೋಗ್ತಾರೆ. ನನಗೆ ಅಷ್ಟು ಸಾಕು."

ವ್ಯಾಪಾರದ ಅನುಭವದಿಂದ ಬಂದ ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಫಲಕದ ಮೇಲಿನ ಬರಹವನ್ನಂತೂ ಬದಲಾಯಿಸಬಹುದು. ಈ ಪುಸ್ತಕಗಳನ್ನು ಬರೆದವರು ಹೆಂಗಸರು ಎಂಬುದು ನಿಜ, ಅವನ್ನು ಹೆಂಗಸರಿಗಾಗಿಯೇ ಬರೆದರೆಂಬುದು ನಿಜವಲ್ಲ. ಆ ಫಲಕವನ್ನು ನೋಡಿ ಗಂಡಸರು ಗೋಡೆಯ ಹತ್ತಿರವೇ ಸುಳಿಯದಿರುವುದನ್ನು ನಾನು ಕಂಡಿದ್ದೇನೆ. ನನ್ನ ವಿದ್ಯಾರ್ಥಿಯೊಬ್ಬ 'ಫಣಿಯಮ್ಮ'ವನ್ನು ಅಮ್ಮನ ಹೆಸರಿನಲ್ಲಿ ಬರೆಸಿಕೊಂಡು ಒಯ್ದ.

ಸಾಯಿಸುತೆ, ಉಷಾ ನವರತ್ನರಾಂ, ವಾಣಿ ಮೊದಲಾದ ಜನಪ್ರಿಯ ಕಾದಂಬರಿಗಾರ್ತಿಯರಿಗೆ ಮೂರು ಪೂರ್ತಿ ಸಾಲುಗಳಿವೆ, ಬಾಡಿಗೆಯ ಆದಾಯದ ಬಹುಪಾಲು ಅಲ್ಲಿಂದಲೇ ಬರುತ್ತದೆ. ಒಂದೇ ಅಚ್ಚಿನ ಕಥೆಗಳು ಇವುಗಳಲ್ಲಿ ಬೇಕಾದಷ್ಟಿವೆ ಎಂದು ಹೇಳದೆ ಇರಲಾರೆ. ಆದರೆ ನಮ್ಮ ತಾಯಂದಿರ ಪೀಳಿಗೆಗೆ ವಾರಕ್ಕೊಂದು ಕನ್ನಡ ಪುಸ್ತಕ ಓದುವ ಅಭ್ಯಾಸ ಉಳಿಸಿದವರು ಇವರು, ಅದಕ್ಕೆ ಪಠ್ಯಪುಸ್ತಕಗಳಾಗಲಿ ಅಕಾಡೆಮಿಗಳಾಗಲಿ ಕಾರಣವಲ್ಲ.

ನನ್ನ ಮಟ್ಟಿಗೆ ಗೋಡೆಯ ಅತ್ಯುತ್ತಮ ಭಾಗ ವೈದೇಹಿಯವರದು. 1979ರ 'ಮರ ಗಿಡ ಬಳ್ಳಿ'ಯಿಂದ ಹಿಡಿದು 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಕ್ರೌಂಚ ಪಕ್ಷಿಗಳು' ತನಕ, 'ಅಸ್ಪೃಶ್ಯರು' ಕಾದಂಬರಿಯೂ ಸೇರಿ, ಬಹುತೇಕ ಎಲ್ಲವೂ ಮಾರಾಟಕ್ಕೂ ಬಾಡಿಗೆಗೂ ಇವೆ. ರಂಗ ನಿರ್ದೇಶಕ ಬಿ.ವಿ. ಕಾರಂತರು ಹೇಳಿಕೊಂಡ ಆತ್ಮಕಥೆಯನ್ನು ವೈದೇಹಿ ನಿರೂಪಿಸಿದ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ಯನ್ನೂ ಇಲ್ಲಿಯೇ ಇಟ್ಟಿರುವುದು ಜಾಣ ಕೆಲಸ. ಇನ್ನೊಬ್ಬರ ಮಾತನ್ನು ಅವರ ಮಾತಾಗಿಯೇ ಉಳಿಸುವ ಕಲೆ ಆಕೆಯ ಕಥೆಗಳಲ್ಲಿಯೂ ಕೇಂದ್ರದ ಕಲೆ. ಕುಂದಾಪುರದ ಕಡೆಯ ಹೆಂಗಸರು ಊಟ ಮುಗಿಸಿ ಮಧ್ಯಾಹ್ನ ಕುಳಿತು ಆಡುವ ಮಾತು ಆ ಕಥೆಗಳಲ್ಲಿ ಬರೀ ಸಂಭಾಷಣೆಯಾಗಿ ಉಳಿಯುವುದಿಲ್ಲ, ಕಥೆ ಹೇಳುವ ಕ್ರಮವೇ ಆಗುತ್ತದೆ. ಮಾತು ದಾರಿ ತಪ್ಪುತ್ತದೆ, ಬೇರೆ ಯಾರದೋ ಸುದ್ದಿಗೆ ಹೋಗುತ್ತದೆ, ನಗೆ ಬರುತ್ತದೆ, ಆ ನಗೆಯ ನಡುವೆ ಹೇಳಬೇಕಾದ ಕ್ರೂರ ಸಂಗತಿ ಒಂದು ಅರ್ಧ ವಾಕ್ಯದಲ್ಲಿ ಬಂದು ಹೋಗುತ್ತದೆ. ಊರು ಹುಚ್ಚಿ ಎಂದು ಕರೆದ ಅಕ್ಕುವಿನ ಕಥೆಯಲ್ಲಿ ಎಲ್ಲರಿಗಿಂತ ನೆಟ್ಟಗೆ ಮಾತಾಡುವವಳು ಅವಳೇ. ಕರಾವಳಿಯ ಆಡುಮಾತು ತುಮಕೂರಿನ ಓದುಗರಿಗೆ ಮೊದಲ ಹತ್ತು ಪುಟ ಕಷ್ಟ ಕೊಡುತ್ತದೆ. ಗಟ್ಟಿಯಾಗಿ ಓದಿದರೆ ಆ ಕಷ್ಟ ಬೇಗ ಕಳೆಯುತ್ತದೆ. ಆಯಾ ಸೀಮೆಯ ಮಾತನ್ನು ಅಂಜಿಕೆಯಿಲ್ಲದೆ ನಿರೂಪಣೆಗೇ ಬಳಸುವ ಇಂದಿನ ಕಿರಿಯ ಕಥೆಗಾರರು, ಗಂಡಸರೂ ಹೆಂಗಸರೂ, ಈಕೆಯಿಂದ ಪಡೆದದ್ದು ಬಹಳ. ಕಲಬುರಗಿ ಸೀಮೆಯ ಮಾತನ್ನು ತಂದ ಗೀತಾ ನಾಗಭೂಷಣ ಅವರ 'ಬದುಕು' ಕೂಡ ಇಲ್ಲಿದೆ. 1955ರಲ್ಲಿ ಆರಂಭವಾದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡದ ಲೇಖಕಿಯೊಬ್ಬರಿಗೆ ಮೊದಲು ಬಂದದ್ದು 2004ರಲ್ಲಿ, ಇದೇ ಕಾದಂಬರಿಗೆ. ಎಂಟು ಜ್ಞಾನಪೀಠಗಳ ಹೆಮ್ಮೆಯ ಪಟ್ಟಿಯಲ್ಲಿ ಇಂದಿಗೂ ಒಬ್ಬ ಲೇಖಕಿಯಿಲ್ಲ.

ಆಡುಮಾತಿನ ಬಗ್ಗೆ ಹೇಳುವಾಗ ಮರುಮುದ್ರಣಗಳ ಗುಣಮಟ್ಟವನ್ನೂ ಹೇಳಬೇಕು, ಏಕೆಂದರೆ ಈ ಅಂಗಡಿಯಲ್ಲಿ ಹಳೆಯ ಪ್ರತಿಯನ್ನೂ ಹೊಸದನ್ನೂ ಜೊತೆಗಿಟ್ಟು ನೋಡಬಹುದು. ಹಾಗೆ ನೋಡಿದ ಒಂದು ಕಾದಂಬರಿಯಲ್ಲಿ, ಕೃತಿಯ ಮತ್ತು ಪ್ರಕಾಶಕರ ಹೆಸರು ಇಲ್ಲಿ ಬೇಡ, ಇಬ್ಬರು ಹೆಂಗಸರು ಜಗಲಿಯಲ್ಲಿ ಕುಳಿತು ಮಾತಾಡುವ ಪುಟವೊಂದಿದೆ. ಹಳೆಯ ಪ್ರತಿಯಲ್ಲಿ ಮಾತು ಅರ್ಧರ್ಧಕ್ಕೆ ನಿಲ್ಲುತ್ತದೆ, ಕ್ರಿಯಾಪದಗಳ ಬಾಲ ಉದುರಿರುತ್ತದೆ, ಒಬ್ಬಳ ಮಾತಿನ ಮೇಲೆ ಇನ್ನೊಬ್ಬಳ ಮಾತು ಬೀಳುತ್ತದೆ. ಹೊಸ ಮುದ್ರಣದಲ್ಲಿ ಕರಡು ತಿದ್ದಿದ ಮಹಾಶಯರು ಪ್ರತಿಯೊಂದು ಕ್ರಿಯಾಪದವನ್ನೂ ಪೂರ್ತಿ ಮಾಡಿ, ವಾಕ್ಯಗಳಿಗೆ ಪೂರ್ಣವಿರಾಮ ಕೊಟ್ಟು, ಇಬ್ಬರು ಹಳ್ಳಿ ಹೆಂಗಸರು ಆಕಾಶವಾಣಿಯ ವಾರ್ತೆ ಓದುವಂತೆ ಮಾಡಿಬಿಟ್ಟಿದ್ದಾರೆ. ಕಥೆ ಅದೇ ಇದೆ, ಲೇಖಕಿ ಹೋಗಿದ್ದಾರೆ. ಇಂಥ ಪುಸ್ತಕಗಳಿಗೆ ಬಾಡಿಗೆಯ ಹಳೆಯ ಪ್ರತಿಯೇ ಮೇಲು. ಬೆಲೆಯ ಬಗ್ಗೆ ಮೇಲೆ ಎತ್ತಿದ ಆಕ್ಷೇಪವನ್ನು ಈ ಕಾರಣಕ್ಕೆ ಅರ್ಧದಷ್ಟು ಹಿಂತೆಗೆದುಕೊಳ್ಳುತ್ತೇನೆ.

ಕೌಂಟರಿನ ಎದುರಿಗೆ, ಬಂದವರಿಗೆಲ್ಲ ಕಾಣುವಂತೆ ಇಟ್ಟಿರುವುದು ಬಾನು ಮುಷ್ತಾಕ್ ಅವರ ಪುಸ್ತಕಗಳನ್ನು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ, ಆ ಗೌರವ ಪಡೆದ ಮೊದಲ ಕನ್ನಡ ಕೃತಿ ಅದಾಯಿತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದೂ ಅದೇ ಮೊದಲು. ಇಂಗ್ಲಿಷ್ ಪುಸ್ತಕದಲ್ಲಿರುವ 12 ಕಥೆಗಳು ಹಲವು ದಶಕಗಳ ಬರವಣಿಗೆಯಿಂದ ಆಯ್ದವು. ಹಾಸನದ ಮುಸ್ಲಿಂ ಮನೆಗಳ ಒಳಗೆ ಕನ್ನಡ, ದಖನಿ ಉರ್ದು, ಅರಬ್ಬಿಯ ಪ್ರಾರ್ಥನೆಯ ಪದಗಳು ಒಂದೇ ಉಸಿರಿನಲ್ಲಿ ಬರುವ ಕನ್ನಡವನ್ನು ಬಾನು ಬರೆಯುತ್ತಾರೆ. ಅನುವಾದಕಿ ಆ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಕನ್ನಡ ಮೂಲವನ್ನೂ ಅನುವಾದವನ್ನೂ ಒಟ್ಟಿಗೆ ಕೊಳ್ಳುವವರಿಗೆ ಇಲ್ಲಿ ಶೇಕಡಾ 10 ರಿಯಾಯಿತಿ ಇದೆ, ಎರಡನ್ನೂ ಓದುವುದು ಒಳ್ಳೆಯದು. ಇದೇ ಸಾಲಿನ ಹಿಂದೆ ಅರ್ಧ ಮರೆಯಾಗಿ ಸಾರಾ ಅಬೂಬಕ್ಕರ್ (1936–2023) ಅವರ 'ಚಂದ್ರಗಿರಿಯ ತೀರದಲ್ಲಿ' ಇದೆ. ತಲಾಕಿನ ವ್ಯವಹಾರದಲ್ಲಿ ಗಂಡಸರ ಕೈಗೆ ಸಿಕ್ಕ ನಾದಿರಾಳ ಕಥೆಯನ್ನು ಅಷ್ಟು ನೇರವಾಗಿ, ಅಲಂಕಾರವಿಲ್ಲದೆ ಸಾರಾ ಅವರು ಹೇಳದಿದ್ದರೆ ಆಮೇಲಿನ ದಾರಿ ಇಷ್ಟು ಸಲೀಸಾಗುತ್ತಿರಲಿಲ್ಲ. ಪ್ರಶಸ್ತಿಯ ಬೆಳಕು ಮುಂದಿನ ಸಾಲಿಗೆ ಬಿದ್ದಾಗ ಹಿಂದಿನ ಸಾಲನ್ನೂ ಮುಂದಕ್ಕೆ ತರುವುದು ಅಂಗಡಿಯವರ ಕೆಲಸ. ಇದನ್ನು ಹೇಳಿದಾಗ ಒಡತಿ ಅಲ್ಲೇ ಎದ್ದು ಸರಿಪಡಿಸಿದರು.

ನೆಲಕ್ಕೆ ತಾಗುವ ಕೊನೆಯ ಸಾಲಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದ ವಿದ್ಯಾರ್ಥಿಗಳು ಮಾರಿಹೋದ ಹಳೆಯ ಪುಸ್ತಕಗಳಿವೆ. ಎಲ್ಲಕ್ಕೂ 100 ರೂಪಾಯಿಯೊಳಗೇ ಬೆಲೆ. ಅಂಚಿನಲ್ಲಿ ಪರೀಕ್ಷೆಯ ಟಿಪ್ಪಣಿಗಳಿರುತ್ತವೆ ಎಂಬುದನ್ನು ಸಹಿಸಿಕೊಂಡರೆ ಇದು ಚಿನ್ನದ ಗಣಿ. ಜೇನ್ ಆಸ್ಟನ್ 1811ರಲ್ಲಿ ತನ್ನ ಮೊದಲ ಕಾದಂಬರಿಯನ್ನು ಅಚ್ಚು ಹಾಕಿಸಿದಾಗ ಮುಖಪುಟದಲ್ಲಿ ಹೆಸರಿರಲಿಲ್ಲ, ಮಹಿಳೆಯೊಬ್ಬಳು ಬರೆದದ್ದು ಎಂದಷ್ಟೇ ಇತ್ತು. 1847ರಲ್ಲಿ ಬ್ರಾಂಟಿ ಸೋದರಿಯರು ಗಂಡಸರ ಹೆಸರಿನ ಹಾಗೆ ತೋರುವ ಅಂಕಿತಗಳ ಹಿಂದೆ ನಿಂತರು. ಮೇರಿ ಆನ್ ಎವನ್ಸ್ ಜಾರ್ಜ್ ಎಲಿಯಟ್ ಆದರು. ನಮ್ಮಲ್ಲಿ ತ್ರಿವೇಣಿ, ವಾಣಿ, ವೈದೇಹಿ ಎಂಬ ಅಂಕಿತನಾಮಗಳು ಬಂದದ್ದು ಬೇರೆ ರೀತಿಯಲ್ಲಿ, ಹೆಣ್ಣಿನ ಹೆಸರಾಗಿಯೇ ಬಂದವು. ಮರೆಮಾಡಬೇಕಾಗಿದ್ದುದು ಹೆಣ್ಣೆಂಬುದನ್ನಲ್ಲ, ಯಾವ ಮನೆಯ ಹೆಣ್ಣೆಂಬುದನ್ನು. ತ್ರಿವೇಣಿಯವರಲ್ಲಿ ಕಂಡ, ನಿರೂಪಣೆಯೂ ಮನಸ್ಸಿನ ಮಾತೂ ಬೆರೆಯುವ ಕ್ರಮವನ್ನು ಇಂಗ್ಲಿಷ್ ಕಾದಂಬರಿಯಲ್ಲಿ ಹದಕ್ಕೆ ತಂದವರು ಆಸ್ಟನ್ ಎಂದು ಆ ಭಾಷೆಯ ವಿಮರ್ಶಕರು ಒಪ್ಪುತ್ತಾರೆ. ವರ್ಜೀನಿಯಾ ವುಲ್ಫ್ 1929ರಲ್ಲಿ ಪ್ರಕಟಿಸಿದ, ಬರೆಯುವ ಹೆಣ್ಣಿಗೆ ಸ್ವಂತ ಕೋಣೆಯೂ ವರ್ಷಕ್ಕೆ ಐನೂರು ಪೌಂಡಿನ ವರಮಾನವೂ ಬೇಕೆಂದು ವಾದಿಸುವ ಪುಸ್ತಕದಲ್ಲಿ, ಗಂಡಸರು ಕಟ್ಟಿದ ವಾಕ್ಯವನ್ನು ನೋಡಿ ನಕ್ಕು ಆಸ್ಟನ್ ತನಗೆ ಒಗ್ಗುವ ವಾಕ್ಯವನ್ನು ತಾನೇ ಕಟ್ಟಿಕೊಂಡಳು ಎಂಬ ಆಶಯದ ಮಾತಿದೆ. ಅದರ ಪಕ್ಕದಲ್ಲೇ ಜಪಾನಿನ ಮುರಸಾಕಿ ಶಿಕಿಬು ಸಾವಿರ ವರ್ಷದ ಹಿಂದೆ ಬರೆದ 'ಗೆಂಜಿ' ಕಾದಂಬರಿಯ ಇಂಗ್ಲಿಷ್ ಅನುವಾದವಿತ್ತು. ಆಸ್ಥಾನದ ಗಂಡಸರು ಪಾಂಡಿತ್ಯದ ಬರಹಕ್ಕೆ ಚೀನೀ ಭಾಷೆಯನ್ನು ಹಿಡಿದಾಗ, ಹೆಂಗಸರು ಆಡುವ ಭಾಷೆಗೆ ಒದಗುವ ಕಾನಾ ಲಿಪಿಯಲ್ಲಿ ಬರೆದರು. ಇಂದು ಉಳಿದು ಓದಿಸಿಕೊಳ್ಳುತ್ತಿರುವುದು ಹೆಚ್ಚಾಗಿ ಆ ಹೆಂಗಸರ ಗದ್ಯ. ಈ ಸಾಲಿನ ಮುಂದೆ ಕುಳಿತುಕೊಳ್ಳಲು ಒಂದು ಮಣೆಯನ್ನಾದರೂ ಇಟ್ಟಿದ್ದರೆ ಸೊಂಟಕ್ಕೆ ಉಪಕಾರವಾಗುತ್ತಿತ್ತು.

ಕಾವ್ಯದ ಭಾಗ ತೆಳುವಾಗಿದೆ. ಪ್ರತಿಭಾ ನಂದಕುಮಾರ್ ಅವರ ಒಂದೆರಡು ಸಂಕಲನಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. ತುಮಕೂರಿನವರೇ ಆದ ಲಲಿತಾ ಸಿದ್ಧಬಸವಯ್ಯ ಅವರ ಕವಿತೆಗಳನ್ನು ಕೇಳಿದೆ, ಇರಲಿಲ್ಲ. ಈ ಸೀಮೆಯ ಒಣನೆಲದ ಮಾತನ್ನು ಕವಿತೆಗೆ ತಂದವರ ಪುಸ್ತಕವನ್ನು ತುಮಕೂರಿನ ಓದುಗರು ಬೆಂಗಳೂರಿನಿಂದ ಅಂಚೆಯಲ್ಲಿ ತರಿಸಿಕೊಳ್ಳಬೇಕಾಗಿರುವುದು ಯಾವ ಕಾರಣಕ್ಕೂ ಸಮರ್ಥನೀಯವಲ್ಲ. ತರಿಸಿಕೊಡುವುದಾಗಿ ಬರೆದುಕೊಂಡಿದ್ದಾರೆ, ನೋಡಬೇಕು. ಆತ್ಮಕಥೆಗಳು ಪರವಾಗಿಲ್ಲ, 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿಜಯಾ ಅವರ 'ಕುದಿ ಎಸರು' ಎರಡು ಪ್ರತಿಗಳಿವೆ, ಎರಡೂ ಸದಾ ಹೊರಗೇ ಇರುತ್ತವೆ, ಮೊದಲೇ ಹೇಳಿಡಬೇಕು.

ಹೋಗುವವರಿಗೆ ಕೆಲವು ಸೂಚನೆಗಳು. ಮೆಟ್ಟಿಲು ಕಡಿದಾಗಿದೆ, ಹಿಡಿಕೆ ಒಂದೇ ಕಡೆಗಿದೆ. ಮಂಡಿನೋವಿನವರು ಕೆಳಗಿನಿಂದಲೇ ಫೋನ್ ಮಾಡಿದರೆ ಅಂಗಡಿಯ ಹುಡುಗ ಪುಸ್ತಕ ತಂದುಕೊಡುತ್ತಾನೆ, ಆದರೆ ಆಗ ಗೋಡೆಯನ್ನು ನೋಡುವ ಅವಕಾಶ ತಪ್ಪುತ್ತದೆ. ಬೆಳಿಗ್ಗೆ ಹನ್ನೊಂದರ ನಂತರ ಹೋಗುವುದು ಲೇಸು, ಸಂಜೆ ಕಾಲೇಜು ಬಿಟ್ಟ ಹೊತ್ತಿನಲ್ಲಿ ನೋಟ್‌ಬುಕ್ ಕೊಳ್ಳುವವರ ಗದ್ದಲದಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಸೋಮವಾರ ರಜೆ. ಬಾಡಿಗೆಗೆ ಒಯ್ಯುವ ಮುನ್ನ ಕೊನೆಯ ನಾಲ್ಕು ಪುಟ ಇವೆಯೇ ಎಂದು ನೋಡಿಕೊಳ್ಳಿ. ಹಳೆಯ ಪ್ರತಿಗಳಲ್ಲಿ ಮೊದಲು ಕಳಚುವುದು ಅವೇ. ಯುಪಿಐ ಪಾವತಿ ನಡೆಯುತ್ತದೆ. ಠೇವಣಿಗೆ ರಸೀದಿ ಕೇಳಿ ಪಡೆಯಿರಿ, ಕೇಳದಿದ್ದರೆ ಕೊಡುವುದಿಲ್ಲ.